ಅಕ್ಕೋರ ನಾಲ್ಕನೇ ಪ್ರಶ್ನೆ

ನೆನೆಹಾಕಿದ್ದ ಅವರೆಕಾಳು ಮುಂದಿಟ್ಟುಕೊಂಡು ಹಿಸುಕುತ್ತಾ ಕೂತಿದ್ದೆ. ಚಳಿ ಶುರುವಾಗಿದೆ, ಸೊಗಡಿರುವ ಕಾಯಿ ಈ ವಾರದಿಂದ ಮಾರುಕಟ್ಟೆಗೆ ಬರುತ್ತಿದೆ. ಈ ಕೆಲಸಕ್ಕೆ ಕೂತರೆ ದೇವರ ನಾಮ ತಾನಾಗಿಯೇ ಬಾಯಿಗೆ ಬರುತ್ತದೆ. ನಮ್ಮತ್ತೆ ಬಾಗಿಲ ಬಿಸಿಲಲ್ಲಿ ಚಾಪೆ ಹಾಕಿಕೊಂಡು ನನ್ನ ಜೊತೆ ಕೈಹಾಕಿದ್ದರು. ಅವರಿಗೆ ಈಗ ಕಣ್ಣು ಮಂಜು. ಆದರೂ ಹಿಸುಕದ ಕಾಳೊಂದು ಬೇಳೆಯಲ್ಲಿ ಸೇರಿಕೊಂಡರೆ ಅವರ ಬೆರಳಿಗೆ ಗೊತ್ತಾಗಿಬಿಡುತ್ತದೆ.

ಆ ಹೊತ್ತಿಗೆ ನಾದಿನಿ ಸರೋಜ ಬಂದಳು. ಬೆಳಗಿನ ಪಾಳಿ ಮುಗಿಸಿ, ತನ್ನ ಮನೆಗೂ ಹೋಗದೆ, ಫ್ಯಾಕ್ಟರಿಯಿಂದ ಬಸ್ಸು ಹತ್ತಿ ನೇರವಾಗಿ ಆರ್.ಟಿ. ನಗರದ ನಮ್ಮ ಮನೆಗೆ ಬಂದಿದ್ದಳು. ಚಪ್ಪಲಿ ಬಿಡುತ್ತಲೇ, ‘ಅತ್ತಿಗೆ, ಇವತ್ತು ಟ್ರಂಕ್ ಕಾಲ್ ಬಂದಿತ್ತು’ ಅಂದಳು. ನಮ್ಮ ಕಾಲದವರಿಗೆ ಟ್ರಂಕ್ ಕಾಲ್ ಅಂದರೆ ಮೊದಲು ಎದೆ ಧಸಕ್ಕೆನ್ನುವುದೇ. ಆದರೆ ಅವಳ ಮುಖ ನೋಡಿದರೆ ಸಾವಿನ ಸುದ್ದಿ ತಂದವಳ ಹಾಗಿರಲಿಲ್ಲ.

ಸರೋಜ ಫ್ಯಾಕ್ಟರಿಯ ಟೆಲಿಫೋನ್ ಬೋರ್ಡಿನ ಮುಂದೆ ಕೂರುವವಳು. ದಿನಕ್ಕೆ ಎಷ್ಟೋ ದನಿಗಳನ್ನು ಕೇಳಿ, ಈ ಕಡೆಯವರನ್ನು ಆ ಕಡೆಯವರಿಗೆ ಜೋಡಿಸುವುದು ಅವಳ ಕೆಲಸ. ಬೆಳಗ್ಗೆ ಎಂದಿನಂತೆ ಗುಡ್ ಮಾರ್ನಿಂಗ್ ಹೇಳಿ ಕಂಪನಿಯ ಹೆಸರು ಹೇಳಿದ್ದಾಳೆ. ಆ ಕಡೆಯಿಂದ ಒಂದು ಹೆಂಗಸಿನ ದನಿ, ಪಾಠ ಒಪ್ಪಿಸಿಕೊಳ್ಳುವ ಹಾಗೆ ಗಟ್ಟಿಯಾಗಿ ಕೇಳಿತಂತೆ: ‘ವಾಟ್ ಈಸ್ ಯುವರ್ ಕ್ವಾಲಿಫಿಕೇಷನ್?’

‘ಅಕ್ಕೋರು’ ಅಂದೆ ನಾನು.

‘ಅಕ್ಕೋರೇ. ಹುಬ್ಬಳ್ಳಿಯಿಂದ. ರಿಟೈರ್ ಆದ್ರಂತೆ ಅತ್ತಿಗೆ, ಹೆಡ್‌ಮಿಸ್ಟ್ರೆಸ್ ಆಗಿ.’

ಹೆಡ್‌ಮಿಸ್ಟ್ರೆಸ್ ಅನ್ನುವ ಮಾತು ಕಿವಿಗೆ ಬಿದ್ದಾಗ ನನಗೆ ಅವರ ಮುಖಕ್ಕಿಂತ ಮೊದಲು ನೆನಪಾದದ್ದು ರೊಟ್ಟಿ ಬಡಿಯುವ ಸದ್ದು.

ಆಗ ನಾವು ಯಶವಂತಪುರದ ವಠಾರದಲ್ಲಿದ್ದೆವು. ನಮ್ಮೆಜಮಾನರು ಪ್ರೆಸ್ಸೊಂದರಲ್ಲಿ ಕೆಲಸಕ್ಕಿದ್ದರು. ಮಾವ ತೀರಿಕೊಂಡ ಮೇಲೆ ಅತ್ತೆಯೂ ಸರೋಜಳೂ ಊರಾದ ಕೋಗಿಲು ಬಿಟ್ಟು ನಮ್ಮ ಜೊತೆಗೇ ಬಂದಿದ್ದರು. ಪಕ್ಕದ ಮನೆಗೆ ಧಾರವಾಡದ ಕಡೆಯ ದಂಪತಿ ಬಂದರು. ಅವರ ಯಜಮಾನರಿಗೆ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಕೆಲಸ. ಆಕೆ ಊರಲ್ಲಿ ಮಕ್ಕಳಿಗೆ ಪಾಠ ಹೇಳಿದವರಂತೆ. ಆ ಕಡೆ ಹೆಣ್ಣು ಟೀಚರನ್ನು ಅಕ್ಕೋರು ಅನ್ನುತ್ತಾರೆಂದು ಅವರ ಯಜಮಾನರೇ ನಗುತ್ತಾ ಹೇಳಿದರು. ಅವರ ಹೆಸರು ನಮಗೆಲ್ಲ ಗೊತ್ತಿತ್ತು, ಆದರೆ ಒಬ್ಬರೂ ಅದನ್ನು ಹಿಡಿದು ಕರೆದದ್ದಿಲ್ಲ. ವಠಾರಕ್ಕೆಲ್ಲ ಅವರು ಅಕ್ಕೋರೇ.

ಎತ್ತರದ ಹೆಂಗಸು. ಇಳಕಲ್ ಸೀರೆ, ಕೈತುಂಬ ಹಸಿರು ಬಳೆ, ಹಣೆಯಲ್ಲಿ ನಾಲ್ಕಾಣೆಯಗಲ ಕುಂಕುಮ. ಬಳೆಗಳ ಮೇಲೆ ಜೋಳದ ಹಿಟ್ಟಿನ ಬಿಳಿ ಯಾವಾಗಲೂ ಇರುತ್ತಿತ್ತು. ದನಿ ಮಾತ್ರ ತರಗತಿಯ ಕೊನೆಯ ಬೆಂಚಿಗೆ ಕೇಳಿಸುವಂಥದು. ಸಕ್ಕರೆ ಸಾಲ ಕೇಳಲು ಬಂದರೂ ಇಡೀ ವಠಾರಕ್ಕೆ ತಿಳಿಯುತ್ತಿತ್ತು. ಮೊದಲ ವಾರ ನಮ್ಮತ್ತೆ ಗೊಣಗಿದರು, ‘ಇದೇನ್ ಎಂಗ್ಸೋ, ಮೈಕ್ ಸೆಟ್ಟೋ’ ಅಂತ.

ಅಕ್ಕೋರಿಗೆ ಸುಮ್ಮನೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಅಂಗೈ ಹಿಟ್ಟಿನ ಮೇಲೆ ಬಿದ್ದಾಗಲೆಲ್ಲ ಬಾಯಿಂದ ಒಂದು ತುಂಡು ಇಂಗ್ಲಿಷ್ ಬೀಳಬೇಕು. ಕ್ವಾ, ಲಿ, ಫಿ, ಕೇ, ಷನ್. ಒಂದು ಸುತ್ತು ರೊಟ್ಟಿ ತಿರುಗಿತು. ಟೆ, ಸ್ಟಿ, ಮೋ, ನಿ, ಯಲ್. ಇನ್ನೊಂದು ಸುತ್ತು. ನಡುಮನೆಯಲ್ಲಿ ವಠಾರದ ಹೆಣ್ಣುಮಕ್ಕಳು ಕೂತು ಜೊತೆಗೆ ಹೇಳುತ್ತಿದ್ದರು. ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯರು ಅರ್ಜಿ ಬರೆಯಬೇಕು, ಇಂಟರ್‌ವ್ಯೂಗೆ ಹೋಗಬೇಕು ಅಂತ ಆಸೆಪಡುತ್ತಿದ್ದರು. ಆದರೆ ಅರ್ಜಿಯ ಮಾತುಗಳನ್ನು ಕಂಡರೆ ಅಂಜಿ ಪೆನ್ನು ಕೆಳಗಿಡುತ್ತಿದ್ದರು. ಪಾಠದ ಪುಸ್ತಕದಲ್ಲಿ ಇದ್ದ ಇಂಗ್ಲಿಷೇ ಬೇರೆ, ಕೆಲಸ ಕೇಳುವ ಇಂಗ್ಲಿಷೇ ಬೇರೆ.

‘ಶಬ್ದ ಗೊತ್ತಾದ್ರ ಅರ್ಧ ಅಂಜಿಕಿ ಹೋತು. ಇನ್ನರ್ಧ ಆಫೀಸಿನ ಬಾಗಲ ದಾಟಿದ ಮ್ಯಾಲೆ ಹೋಗತೈತಿ’ ಅನ್ನುವರು.

ಯಾವ ಪದಕ್ಕೂ ಅವರು ಅಡಿಗೆಮನೆ ದಾಟಿ ಹೋಗಿ ಅರ್ಥ ತರುತ್ತಿರಲಿಲ್ಲ. ಕ್ವಾಲಿಫಿಕೇಷನ್ ಅಂದರೆ ನೀನು ಏನು ಕಲಿತಿದ್ದೀ ಅನ್ನುವುದು, ಎಕ್ಸ್‌ಪೀರಿಯನ್ಸ್ ಅಂದರೆ ಕಲಿತದ್ದನ್ನು ಎಷ್ಟು ಸಲ ಸೀಯಿಸಿದ್ದೀ ಅನ್ನುವುದು. ಪ್ರೊಬೇಷನ್ ಅಂದರೆ ಹೊಸ ಸೊಸೆಯ ಮೊದಲ ವರ್ಷ. ಇದನ್ನು ಹೇಳುವಾಗ ನನ್ನ ಕಡೆ ತಿರುಗಿ, ‘ನಿಂದು ಮುಗೀತೇನ ತಂಗಿ, ಇನ್ನೂ ಐತೋ’ ಅಂದಿದ್ದರು. ಅತ್ತೆ ಅಲ್ಲೇ ಕೂತಿದ್ದರಿಂದ ನಾನು ಸೆರಗು ಬಾಯಿಗಿಟ್ಟುಕೊಂಡೆ.

ಹೀಗೆ ಊರವರಿಗೆಲ್ಲ ದಾರಿ ತೋರಿಸಿದವರಿಗೆ ತಮ್ಮ ಕೆಲಸ ಮಾತ್ರ ಆಗಿರಲಿಲ್ಲ. ಅವರದು ಆ ಕಡೆಯ ಓದು. ಏಳನೆಯದಕ್ಕೆ ಮುಲ್ಕಿ ಅನ್ನುವ ಪರೀಕ್ಷೆ, ಆಮೇಲೆ ಮ್ಯಾಟ್ರಿಕ್, ಆಮೇಲೆ ಟೀಚರ್ ಟ್ರೇನಿಂಗ್. ನಮ್ಮ ಮೈಸೂರು ಸೀಮೆಯ ಲೋಯರ್ ಸೆಕೆಂಡರಿಗೆ ಅವರಲ್ಲಿ ಮುಲ್ಕಿ ಅನ್ನುತ್ತಿದ್ದರು ಅಷ್ಟೆ. ಆದರೆ ಇಲ್ಲಿಯ ಶಾಲೆಗಳಲ್ಲಿ ಅವರ ಕಾಗದ ನೋಡಿದವರು, ಇದು ಯಾವ ಪರೀಕ್ಷೆಯಮ್ಮ, ನಮ್ಮದಕ್ಕೆ ಸರಿಸಮಾನ ಅಂತ ಬರೆಸಿಕೊಂಡು ಬನ್ನಿ ಅಂತ ಕಳಿಸುತ್ತಿದ್ದರು. ಬರೆದುಕೊಡುವವರು ಯಾರೆಂದು ಮಾತ್ರ ಒಬ್ಬರೂ ಹೇಳಲಿಲ್ಲ. ಒಂದು ಕಡೆ ಇಂಟರ್‌ವ್ಯೂವರೆಗೆ ಹೋಗಿದ್ದರು. ಅಲ್ಲಿ ಕೂತಿದ್ದವರು ನಿಮ್ಮ ಗುಡ್ ನೇಮ್ ಏನು ಅಂತ ಇಂಗ್ಲಿಷಿನಲ್ಲಿ ಕೇಳಿದರಂತೆ. ಇವರು, ನನಗಿರುವುದು ಒಂದೇ ಹೆಸರು, ಕೆಟ್ಟದ್ದು ಇದ್ದರೆ ನೀವೇ ಹುಡುಕಬೇಕು ಅಂತ ಇಂಗ್ಲಿಷಿನಲ್ಲೇ ಹೇಳಿ ಬಂದರು. ಆ ಕೆಲಸವೂ ಹೋಯಿತು. ‘ನನ್ನ ನಾಲಿಗಿ ನನಗ ಶತ್ರು’ ಅಂತ ಅವರೇ ಹೇಳಿಕೊಂಡು ನಕ್ಕರು. ಕೊನೆಗೆ ಮಾರ್ಕೆಟ್ಟಿನ ಹತ್ತಿರ ಒಂದು ಪುಟ್ಟ ನರ್ಸರಿಯಲ್ಲಿ ಟೆಂಪರರಿ ಟೀಚರ್ ಆದರು. ವರ್ಷ ವರ್ಷವೂ ಟೆಂಪರರಿಯೇ.

ಒಮ್ಮೆ ನಾನು ಸಂಜೆ ದೀಪ ಹಚ್ಚುವಾಗ ಬಂದು ಹೊಸ್ತಿಲಲ್ಲಿ ನಿಂತಿದ್ದರು. ದೀಪದ ಮುಂದೆ ಆ ದಿನದ ಉಪಕಾರಗಳನ್ನು ದೇವರಿಗೆ ಒಪ್ಪಿಸುವುದು ನನ್ನ ಅಭ್ಯಾಸ. ನಲ್ಲಿಯಲ್ಲಿ ನೀರು ಬಂತು, ಹಾಲು ಒಡೆಯಲಿಲ್ಲ, ಮಗುವಿನ ಜ್ವರ ಇಳಿಯಿತು, ಹೀಗೆ. ಅದನ್ನೆಲ್ಲ ಕೇಳಿಸಿಕೊಂಡು, ‘ನಾನೂ ಟೆಂಪರರಿ, ನೀನೂ ಟೆಂಪರರಿ, ಈ ವಠಾರನೂ ಟೆಂಪರರಿ. ಅಂವ ಒಬ್ಬಾವ ಪರ್ಮನೆಂಟ್. ಅವನ ಕಡೆ ನಂದೂ ಒಂದು ಅರ್ಜಿ ಹಾಕಿಬಿಡು ತಂಗಿ’ ಅಂದರು. ನಾನು ಹಾಕಿದೆ. ಆವತ್ತಿನಿಂದ ಬಿಡದೆ ಹಾಕುತ್ತಲೇ ಬಂದೆ.

ಈಗ ಸರೋಜಳ ಮಾತು ಹೇಳಬೇಕು. ಅವಳು ಎಸ್ಸೆಸ್ಸೆಲ್ಸಿಯನ್ನು ಮೂರನೆಯ ಸಲಕ್ಕೆ ಪಾಸು ಮಾಡಿದವಳು. ಎರಡು ಸಲ ಇಂಗ್ಲಿಷ್ ಕೈಕೊಟ್ಟಿತ್ತು. ನೋಡಲು ಲಕ್ಷಣ, ಕೆಲಸದಲ್ಲಿ ಚುರುಕು, ಮಾತು ಮಾತ್ರ ಕಡಿಮೆ. ಟಿ. ದಾಸರಹಳ್ಳಿಯಿಂದ ಒಂದು ಸಂಬಂಧ ಬಂತು. ಗಂಡಿನ ಮೊದಲ ಹೆಂಡತಿ ತೀರಿಕೊಂಡಿದ್ದಳು, ಬೆಳೆದ ಮಕ್ಕಳಿದ್ದರು, ಸ್ವಂತ ಮನೆ ಇತ್ತು. ಅತ್ತೆಗೆ ಮನಸ್ಸಾಯಿತು. ತಾವು ಕಣ್ಣು ಮುಚ್ಚುವುದರೊಳಗೆ ಮಗಳಿಗೊಂದು ನೆಲೆ ಕಾಣಿಸಬೇಕು ಅನ್ನುವುದು ಅವರ ಚಿಂತೆ. ಸಂಕ್ರಾಂತಿ ಕಳೆದ ಮೇಲೆ ಎಲೆಅಡಿಕೆ ಬದಲಾಯಿಸಿ ಮಾತು ಗಟ್ಟಿ ಮಾಡುವುದು ಅಂತಾಯಿತು. ನಮ್ಮೆಜಮಾನರು ಅಮ್ಮನ ಮಾತಿಗೆ ಎದುರಾಡುವವರಲ್ಲ. ಸರೋಜ ನೀರು ಸೇದುವಾಗ ಹಗ್ಗ ಕೈಯಲ್ಲಿ ಹಿಡಿದುಕೊಂಡು ಬಾವಿಯನ್ನೇ ನೋಡುತ್ತಾ ನಿಂತುಬಿಡುತ್ತಿದ್ದಳು. ನನಗೆ ಈ ಸಂಬಂಧ ಹಿಡಿಸಿರಲಿಲ್ಲ, ಆದರೆ ಸೊಸೆಯಾದವಳು ಎಷ್ಟು ಮಾತಾಡಬಹುದು, ನೀವೇ ಹೇಳಿ.

ಪೇಪರಿನಲ್ಲಿ ಆಗ ಒಂದು ಜಾಹೀರಾತು ಬಂತು. ತುಮಕೂರು ರಸ್ತೆಯ ಒಂದು ಫ್ಯಾಕ್ಟರಿಗೆ ಲೇಡಿ ಟೆಲಿಫೋನ್ ಆಪರೇಟರ್ ಬೇಕು, ಎಸ್ಸೆಸ್ಸೆಲ್ಸಿ ಆಗಿರಬೇಕು, ಎಕ್ಸ್‌ಪೀರಿಯನ್ಸ್ ಪ್ರಿಫರ್ಡ್ ಅಂತ ಇತ್ತು. ವಠಾರದಲ್ಲಿ ಅದನ್ನು ಓದಿದವರೆಲ್ಲ, ಅನುಭವ ಬೇಕಂತೆ, ನಮಗಲ್ಲ ಬಿಡು ಅಂತ ಪೇಪರು ಮಡಿಸಿಟ್ಟಿದ್ದರು. ಅಕ್ಕೋರು ಬಂದವರೇ ಆ ಸಾಲಿನ ಮೇಲೆ ಬೆರಳು ಕುಟ್ಟಿದರು. ಪ್ರಿಫರ್ಡ್ ಅಂದರೆ ಇದ್ದರೆ ಒಳ್ಳೆಯದು ಅಂತ. ಇಲ್ಲದವರಿಗೆ ಬಾಗಿಲು ಹಾಕಿದ್ದೇವೆ ಅಂತಲ್ಲ. ಮನೆಗೆ ಬರುವಾಗ ಹಣ್ಣು ತಂದರೆ ಸಂತೋಷ, ಬರಿಗೈಲಿ ಬಂದವರನ್ನು ಅಟ್ಟುತ್ತೀರೇನು ಅಂತ ನಮ್ಮತ್ತೆಯನ್ನೇ ಕೇಳಿದರು. ಅತ್ತೆ, ‘ಛೇ, ಅದೆಂಗೆ ಅಟ್ಟಕ್ಕಾದದು’ ಅಂದುಬಿಟ್ಟರು. ಅಂದ ಮೇಲೆ ಅರ್ಜಿ ಹಾಕುವುದು ಬೇಡ ಅನ್ನಲು ಅವರಿಗೆ ಆಗಲಿಲ್ಲ. ಹಾಕಿಕೊಳ್ಳಲಿ ಬಿಡು, ಇವಳಿಗೆ ಯಾರು ಕೊಡ್ತಾರೆ ಅಂತ ಒಳಗೊಳಗೆ ಅಂದುಕೊಂಡಿರಬೇಕು.

ಸರೋಜ ಅರ್ಜಿ ಬರೆದು ತೋರಿಸಿದಳು. ಆಗ ಎಲ್ಲರೂ ಬರೆಯುತ್ತಿದ್ದದ್ದು ಒಂದೇ ಅರ್ಜಿ. ಯಾರೋ ಯಾವಾಗಲೋ ಬರೆದದ್ದನ್ನು ಒಬ್ಬರಿಂದೊಬ್ಬರು ಇಳಿಸಿಕೊಂಡು ಬರುತ್ತಿದ್ದರು. ‘ಐ ಬೆಗ್ ಟು ಸ್ಟೇಟ್’ ಅಂತ ಶುರುವಾಗಿ, ನನಗೊಂದು ಅವಕಾಶ ಕೊಟ್ಟರೆ ಮೇಲಿನವರಿಗೆ ಸಂಪೂರ್ಣ ತೃಪ್ತಿಯಾಗುವಂತೆ ದುಡಿಯುತ್ತೇನೆ ಅಂತ ಮುಗಿಯುತ್ತಿತ್ತು. ನಡುವೆ ನಾನು ಬಡ ಕುಟುಂಬದವಳು, ತಂದೆಯಿಲ್ಲದವಳು ಅಂತ ಒಂದು ಪ್ಯಾರಾ.

ಅಕ್ಕೋರು ಬೆಗ್ ಅನ್ನುವ ಕಡೆಗೆ ಬೆರಳಿಟ್ಟು, ಇದರ ಅರ್ಥ ಏನು ಅಂತ ಕೇಳಿದರು. ಸರೋಜ ಮೆಲ್ಲಗೆ, ಬೇಡಿಕೊಳ್ಳೋದು ಅಂದಳು.

‘ಯಾಕ ಬೇಡ್ತಿ? ಅವರಿಗೆ ಒಬ್ಬಾಕಿ ಬೇಕಾಗ್ಯಾಳ, ಅದಕ್ಕ ಪೇಪರನ್ಯಾಗ ಹಾಕ್ಯಾರ. ನಿನಗ ಕೆಲಸ ಬೇಕಾಗೈತಿ, ಅದಕ್ಕ ಬರ್ಯಾಕತ್ತಿ. ಇದರಾಗ ಭಿಕ್ಷಾ ಎಲ್ಲಿ ಬಂತವಾ?’

ಬೆಗ್ ಹೊಡೆದುಹಾಕಿದರು. ಅಪ್ಲೈ ಅಂತ ಬರೆಸಿದರು. ಬಡತನದ ಪ್ಯಾರಾ ಪೂರ್ತಿ ಹೋಯಿತು. ಸಂಪೂರ್ಣ ತೃಪ್ತಿಯ ಸಾಲನ್ನೂ ತೆಗೆಸಿದರು. ಮೇಲಿನವರಿಗೆ ಸಂಪೂರ್ಣ ತೃಪ್ತಿ ಮಾಡುವುದು ಮದುವೆಯಾಗಿ ಇಷ್ಟು ವರ್ಷವಾದರೂ ತನ್ನಿಂದ ಆಗಿಲ್ಲ, ಸುಳ್ಳು ಭರವಸೆ ಕೊಡಬೇಡ ಅಂದರು. ಎಷ್ಟನೆಯ ಅಟೆಂಪ್ಟಿಗೆ ಪಾಸು ಅನ್ನುವ ಕಡೆ ಸರೋಜ ಖಾಲಿ ಬಿಟ್ಟಿದ್ದಳು. ಅದನ್ನು ಎಲ್ಲರೂ ಬಿಡುತ್ತಿದ್ದರು. ಅಕ್ಕೋರು ಥರ್ಡ್ ಅಂತ ಬರೆಯಲು ಹೇಳಿದರು. ಅಟೆಂಪ್ಟ್ ಅಂದರೆ ಸೋಲು ಅಂತ ಯಾರು ಹೇಳಿದರು, ಪ್ರಯತ್ನ ಅಂತ, ಇನ್ನೊಬ್ಬರಿಗಿಂತ ನಿನ್ನದು ಎರಡು ಹೆಚ್ಚು, ಬರಿ ಅಂದರು. ನನಗೆ ಆ ಅರ್ಜಿ ಬಹಳ ಹಿಡಿಸಿತು. ಬೇಡುವುದಕ್ಕೆ ನಮಗೆ ದೇವರೊಬ್ಬ ಇದ್ದಾನೆ. ಅವನ ಮುಂದೆ ಎಷ್ಟು ಬೇಡಿದರೂ ತಲೆ ತಗ್ಗುವುದಿಲ್ಲ.

ಕಾಗದ ಹೋಯಿತು. ಸಂಕ್ರಾಂತಿಗೆ ಮೊದಲೇ ಇಂಟರ್‌ವ್ಯೂಗೆ ಕರೆ ಬಂತು. ಈಗ ಸರೋಜಳಿಗೆ ನಿಜವಾದ ಅಂಜಿಕೆ ಹತ್ತಿತು. ಅಕ್ಕೋರ ಮುಂದೆ ಚೆನ್ನಾಗಿಯೇ ಉತ್ತರ ಹೇಳುವಳು, ಬೇರೆ ಯಾರಾದರೂ ಬಂದು ನಿಂತರೆ ಅರ್ಧಕ್ಕೇ ಬಿಟ್ಟು ಒಳಗೆ ಓಡುವಳು. ಅಕ್ಕೋರು ಒಂದು ದಿನ ಇದನ್ನು ನೋಡಿ, ಸುಮ್ಮನೆ ಎದ್ದುಬಂದು ನಮ್ಮತ್ತೆಯ ಮುಂದೆ ನಿಂತರು.

‘ಅವ್ವಾರ, ಒಬ್ಬ ಆಫೀಸರ್ ಬೇಕಾಗ್ಯಾರ್ರಿ. ಗತ್ತು ಇರಬೇಕು, ಲಗೂನ ನಗಬಾರದು. ಈ ವಠಾರದಾಗ ನಿಮ್ಮನ್ನ ಬಿಟ್ಟು ಮತ್ತ್ಯಾರೂ ಕಾಣವಲ್ರು.’

ಅತ್ತೆ ಮೊದಲು ಬೈದರು, ನನಗೆ ಯಾವ ಸೀಮೆ ಇಂಗ್ಲೀಸು ಅಂತ. ಆದರೆ ಆಫೀಸರ್ ಅನ್ನುವ ಮಾತು ಒಳಗೆ ಇಳಿದಿತ್ತು. ಮಾರನೆಯ ಮಧ್ಯಾಹ್ನ ನೋಡಿದರೆ, ಮನೆಗಿದ್ದ ಒಂದೇ ಒಂದು ಮರದ ಕುರ್ಚಿಯನ್ನು ತುಳಸಿಕಟ್ಟೆಯ ಪಕ್ಕ ಹಾಕಿಸಿಕೊಂಡು, ಮೈತುಂಬ ಶಾಲು ಹೊದ್ದು, ಎಲೆಅಡಿಕೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಅಕ್ಕೋರ ಲೆಕ್ಕಾಚಾರ ಬೇರೆ ಇತ್ತು. ನನ್ನ ಕಿವಿಯಲ್ಲಿ ಹೇಳಿದರು, ಈ ಮನೆಯಲ್ಲಿ ಅವಳಿಗೆ ಹೆದರಿಕೆ ಇರುವುದು ಇವರೊಬ್ಬರದೇ, ಇವರ ಮುಂದೆ ಬಾಯಿ ಬಿಟ್ಟವಳು ಯಾವ ಸಾಹೇಬನ ಮುಂದೂ ಬಿಡುತ್ತಾಳೆ ಅಂತ.

ಅತ್ತೆಗೆ ನಾಲ್ಕು ಪ್ರಶ್ನೆ ಕಲಿಸಿದರು. ರೊಟ್ಟಿ ಬಡಿಯುವ ಹಾಗೆಯೇ, ಕುರ್ಚಿಯ ಕೈ ಮೇಲೆ ತಾಳ ಹಾಕಿಸಿ. ಹೆಸರೇನು, ಓದೇನು, ಈ ಕೆಲಸ ನಿನಗೆ ಯಾಕೆ ಬೇಕು. ಮೂರು ಪ್ರಶ್ನೆ ಇಂಗ್ಲಿಷಿನಲ್ಲಿ ಬಾಯಿಗೆ ಬಂದವು. ಅರ್ಥ ಏನು ಅಂತ ಅತ್ತೆ ಒಂದೊಂದನ್ನೂ ಬಿಡದೆ ಕೇಳಿ ತಿಳಿದುಕೊಂಡರು. ನಾಲ್ಕನೆಯದು ‘ವೆನ್ ಕ್ಯಾನ್ ಯು ಜಾಯಿನ್?’ ಯಾವಾಗ ಬಂದು ಸೇರಿಕೊಳ್ತೀ ಅಂತ. ಅದನ್ನು ಮಾತ್ರ ಎಲ್ಲರಿಗೂ ಕೇಳುವ ಹಾಗಿಲ್ಲ ಅಂದರು ಅಕ್ಕೋರು. ಕೆಲಸ ಕೊಡುವುದೇ ಸರಿ ಅಂತ ಆಫೀಸರಿಗೆ ಮನಸ್ಸಿನಲ್ಲಿ ಗಟ್ಟಿಯಾದರೆ ಮಾತ್ರ ಕೇಳುವ ಪ್ರಶ್ನೆ ಅದು. ಇಲ್ಲದಿದ್ದರೆ ತಿಳಿಸ್ತೀವಿ ಹೋಗು ಅಂದುಬಿಡುತ್ತಾರೆ.

ಅತ್ತೆಗೆ ಇದು ಬಹಳ ರುಚಿಸಿತು. ದಿನಾ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಇಂಟರ್‌ವ್ಯೂ. ಸರೋಜ ಬಾಗಿಲ ಹೊರಗಿಂದ ಬರಬೇಕು, ಒಳಗೆ ಬರಬಹುದೇ ಅಂತ ಕೇಳಬೇಕು. ಅತ್ತೆ ಎಲೆಗೆ ಸುಣ್ಣ ಹಚ್ಚಿ ಮುಗಿಯುವವರೆಗೂ ಅವಳನ್ನು ನಿಲ್ಲಿಸುವರು. ಆಮೇಲೆ ಮೂರು ಪ್ರಶ್ನೆ. ಉತ್ತರ ಕೇಳಿ ತಲೆ ಒಂದು ಕಡೆಗೆ ವಾಲಿಸಿ, ‘ಓಗು, ಏಳ್ಕಳಿಸ್ತೀವಿ’ ಅನ್ನುವರು. ವಠಾರದ ಹೆಂಗಸರು ಮೆಟ್ಟಿಲ ಮೇಲೆ ಕೂತು ನೋಡುವುದು, ನಾವೆಲ್ಲ ನಗುವುದು. ನಾಲ್ಕನೆಯ ಪ್ರಶ್ನೆ ಒಂದು ದಿನವೂ ಬರಲಿಲ್ಲ. ಅಕ್ಕೋರು ಕೇಳಿದರೆ, ‘ಇನ್ನೂ ಮನ್ಸಿಗೆ ಬಂದಿಲ್ಲ’ ಅಂತ ಅತ್ತೆಯ ಉತ್ತರ.

ಎಲೆಅಡಿಕೆ ಬದಲಾಯಿಸುವ ದಿನ ಹತ್ತಿರ ಬರುತ್ತಿತ್ತು. ಇಂಟರ್‌ವ್ಯೂ ಅದಕ್ಕೂ ಮೊದಲೇ ಇದ್ದರೂ, ಕೆಲಸ ಸಿಕ್ಕಿದರೂ ಕಳಿಸುತ್ತೇನೆ ಅಂತ ಅತ್ತೆ ಯಾರಿಗೂ ಮಾತು ಕೊಟ್ಟಿರಲಿಲ್ಲ. ಅವರ ಪಾಲಿಗೆ ಇದು ಮಧ್ಯಾಹ್ನದ ಆಟ. ಸರೋಜಳಿಗೆ ಮಾತ್ರ ಆಟವಾಗಿರಲಿಲ್ಲ.

ಆವತ್ತು ಎಂದಿನಂತೆ ಬಂದು ನಿಂತಳು. ಹೆಸರು ಹೇಳಿದಳು. ಓದು ಹೇಳಿದಳು, ಥರ್ಡ್ ಅಟೆಂಪ್ಟ್ ಅಂತ ಸೇರಿಸಿ. ಅತ್ತೆ ಮೂರನೆಯದನ್ನು ಕೇಳಿದರು.

‘ವೈ ಡು ಯು ವಾಂಟ್ ದಿಸ್ ಜಾಬ್?’

ಇದಕ್ಕೆ ಅಕ್ಕೋರು ಕಲಿಸಿದ ಉತ್ತರ ಅವಳಿಗೆ ಬಾಯಿಪಾಠವಾಗಿತ್ತು. ಶುರುವೂ ಮಾಡಿದಳು, ಅರ್ಧಕ್ಕೆ ನಿಲ್ಲಿಸಿದಳು. ಮೆಟ್ಟಿಲ ಮೇಲಿದ್ದವರು ಮರೆತಳು ಅಂದುಕೊಂಡರು. ಅವಳು ಕೈ ಕಟ್ಟಿಕೊಂಡು ನೆಲ ನೋಡುತ್ತಾ ಕನ್ನಡದಲ್ಲಿ ಹೇಳಿದಳು.

‘ಅಲ್ಲಿ ಏನಾದ್ರೂ ಕೇಳ್ತಾರಲ್ಲಮ್ಮ, ಅದಕ್ಕೆ. ದಾಸರಹಳ್ಳಿಯವರು ಬಂದು ಹೋದ್ರು. ಅಡಿಗೆ ಬರುತ್ತಾ ಅಂತ ನಿನ್ನ ಕೇಳಿದ್ರು, ಜಾತಕ ಅಣ್ಣನ್ನ ಕೇಳಿದ್ರು. ನನ್ನ ಯಾರೂ ಏನೂ ಕೇಳ್ಲಿಲ್ಲ. ಅಲ್ಲೂ ಒಂದು ಖಾಲಿ ಜಾಗ ಇದೆ, ಫ್ಯಾಕ್ಟ್ರಿಲೂ ಒಂದು ಖಾಲಿ ಜಾಗ ಇದೆ. ಅದು ಸತ್ತುಹೋದ ಇನ್ನೊಬ್ಬಳ ಜಾಗ. ಇದು ಸಿಕ್ಕಿದ್ರೆ ನಂದು.’

ನನ್ನ ಕೈಯಲ್ಲಿ ಒಣಗಿದ ಬಟ್ಟೆ ಇತ್ತು, ಮಡಿಸುವುದು ಮರೆತೆ. ಅತ್ತೆ ಎಲೆ ಅಗಿಯುವುದನ್ನು ನಿಲ್ಲಿಸಿದ್ದರು.

‘ಇಂಗಂತ ಮೊದ್ಲೇ ಯಾಕೆ ಏಳ್ಲಿಲ್ವೇ ನೀನು?’ ಅಂದರು.

‘ನೀನು ಕೇಳ್ಲಿಲ್ಲ’ ಅಂದಳು ಸರೋಜ. ‘ಈಗ ಕೇಳ್ದೆ, ಹೇಳ್ದೆ.’

ಅತ್ತೆ ಅಕ್ಕೋರ ಕಡೆ ನೋಡಿದರು. ಇನ್ನೊಬ್ಬರಾಗಿದ್ದರೆ ಆಗ ಒಂದು ಭಾಷಣ ಮಾಡುತ್ತಿದ್ದರು. ಅಷ್ಟು ಗಟ್ಟಿ ದನಿಯ ಹೆಂಗಸು, ಯಾವತ್ತೂ ನಾಲಿಗೆ ಹಿಡಿಯದವರು, ಆವತ್ತು ಬಳೆಯ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತಾ ತಗ್ಗಿದ ದನಿಯಲ್ಲಿ, ‘ಇಂಟರ್‌ವ್ಯೂ ಮುಗಿಸ್ರಿ, ಅವ್ವಾರ’ ಅಂದರು ಅಷ್ಟೆ.

ಅತ್ತೆ ಶಾಲು ಸರಿಮಾಡಿಕೊಂಡರು. ಕುರ್ಚಿಯ ಕೈ ಮೇಲೆ ಅಂಗೈ ಇಟ್ಟರು. ಒಂದೊಂದೇ ತಟ್ಟುತ್ತಾ, ತಪ್ಪಿಲ್ಲದೆ ಕೇಳಿದರು.

‘ವೆನ್, ಕ್ಯಾನ್, ಯು, ಜಾಯಿನ್?’

ಸರೋಜ ಆಫೀಸರ ಮಡಿಲಲ್ಲಿ ಮುಖ ಇಟ್ಟು ಅತ್ತಳು. ಎಲೆಅಡಿಕೆ ಚೀಲ ಕೆಳಗೆ ಬಿತ್ತು. ಆ ರಾತ್ರಿ ನಮ್ಮೆಜಮಾನರು ಪ್ರೆಸ್ಸಿನಿಂದ ಬಂದಾಗ ಅತ್ತೆ ತಟ್ಟೆಗೆ ಬಡಿಸುತ್ತಾ, ದಾಸರಹಳ್ಳಿಯವರಿಗೆ ಬೇರೆ ಕಡೆ ನೋಡಿಕೊಳ್ಳಿ ಅಂತ ಹೇಳಿ ಬಾ ಅಂದರು. ಅವರು ಯಾಕಮ್ಮ ಅಂತ ಕೇಳಿದ್ದಕ್ಕೆ, ‘ಇಂಟ್ರೂ ಆಯ್ತು ಕಣಪ್ಪ, ಪಾಸಾದ್ಳು’ ಅಂತ ಉತ್ತರ. ಆ ದಿನ ನಾನು ದೇವರಿಗೆ ಒಪ್ಪಿಸಿದ ಉಪಕಾರಗಳಲ್ಲಿ ಅದಕ್ಕಿಂತ ದೊಡ್ಡದು ಬೇರೆ ಇರಲಿಲ್ಲ.

ಫ್ಯಾಕ್ಟರಿಯ ಇಂಟರ್‌ವ್ಯೂಗೆ ಸರೋಜಳ ಜೊತೆ ಗೇಟಿನವರೆಗೆ ನಾನೇ ಹೋಗಿದ್ದೆ. ಆಂಜನೇಯನ ಸಿಂಧೂರ ಹಣೆಗಿಟ್ಟು ಒಳಗೆ ಕಳಿಸಿ, ಗೇಟಿನಾಚೆಯ ಹೊಂಗೆ ಮರದ ಕೆಳಗೆ ಕೂತು ನನಗೆ ಬರುವ ಸ್ತೋತ್ರವೆಲ್ಲ ಹೇಳಿದೆ. ಒಳಗೆ ಕೋಟು ಹಾಕಿದ ಮೂರು ಜನ ಇದ್ದರಂತೆ. ಒಬ್ಬರು ಅರ್ಜಿ ನೋಡುತ್ತಾ, ಥರ್ಡ್ ಅಟೆಂಪ್ಟ್ ಅಂತ ನೀವೇ ಬರೆದಿದ್ದೀರಾ ಅಂದರಂತೆ. ಹೌದು ಸಾರ್, ಎರಡು ಸಲ ಆಗಲಿಲ್ಲ, ಬಿಡಲಿಲ್ಲ ಅಂತ ಇವಳು ಇಂಗ್ಲಿಷಿನಲ್ಲಿ ಹೇಳಿದಳಂತೆ. ಆಮೇಲೆ ಒಂದು ಫೋನು ಕೊಟ್ಟು ಪಕ್ಕದ ಕೋಣೆಯಿಂದ ಮಾತಾಡಿಸಿ ಕೇಳಿದ್ದಾರೆ. ಅಕ್ಕೋರ ನಡುಮನೆಯಲ್ಲಿ ರೊಟ್ಟಿಯ ಸದ್ದಿನ ಮೇಲೆ ಕೇಳಿಸುವಂತೆ ಮಾತಾಡಿ ಅಭ್ಯಾಸವಾದವಳಿಗೆ ಅದೇನು ದೊಡ್ಡದು. ಕಾಗದ ಮಡಿಸಿಟ್ಟು, ಅವರಲ್ಲಿ ಹಿರಿಯರು ತಲೆಯೆತ್ತಿ ನಾಲ್ಕನೆಯ ಪ್ರಶ್ನೆಯನ್ನೇ ಕೇಳಿದರಂತೆ, ಅಕ್ಷರ ತಪ್ಪದೆ.

ಅವಳು ನಕ್ಕುಬಿಟ್ಟಳಂತೆ. ಯಾಕೆ ನಗ್ತೀರಿ ಅಂದದ್ದಕ್ಕೆ, ಈ ಪ್ರಶ್ನೆ ನಮ್ಮಮ್ಮ ಆಗಲೇ ಕೇಳಿದ್ದಾರೆ ಸಾರ್ ಅಂದಳಂತೆ.

ಗೇಟಿನಿಂದ ಅವಳು ಹೊರಗೆ ಬಂದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಓಡುತ್ತಿರಲಿಲ್ಲ. ಬೆನ್ನು ನೇರವಾಗಿತ್ತು, ಅಕ್ಕೋರು ನಡೆಯುವ ಹಾಗೆ ಕೈ ಬೀಸುತ್ತಾ ಬಂದಳು. ವಠಾರಕ್ಕೆ ಹೋಗಿ ಹೇಳಿದಾಗ ಅಕ್ಕೋರು ಕಾವಲಿಯ ಮೇಲಿದ್ದ ರೊಟ್ಟಿಯನ್ನು ಮರೆತು ಹೊರಗೆ ಬಂದರು. ಅದು ಸೀದುಹೋಯಿತು. ಆ ಸೀದ ರೊಟ್ಟಿಯನ್ನೇ ಮುರಿದು, ಮೇಲೆ ಬೆಲ್ಲ ಇಟ್ಟು ಎಲ್ಲರಿಗೂ ಹಂಚಿದರು. ಎಕ್ಸ್‌ಪೀರಿಯನ್ಸ್ ಅಂದರೆ ಇದೇ ನೋಡ್ರಿ ಅಂತ ನಮ್ಮತ್ತೆಯ ಬಾಯಿಗೆ ಒಂದು ತುಂಡು ಹಾಕಿದರು.

ಆಮೇಲೆ ಆ ವಠಾರದಿಂದ ಬೆಗ್ ಇಲ್ಲದ ಅರ್ಜಿಗಳು ಎಷ್ಟೋ ಹೋದವು. ಒಬ್ಬಳು ನರ್ಸಿಂಗಿಗೆ, ಒಬ್ಬಳು ಪೋಸ್ಟಾಫೀಸಿಗೆ, ಹೀಗೆ ಹೋದರು. ಎಲ್ಲರಿಗೂ ಮಧ್ಯಾಹ್ನದ ಇಂಟರ್‌ವ್ಯೂ ನಮ್ಮತ್ತೆಯದೇ. ಸರೋಜಳಿಗೆ ಮದುವೆಯೂ ಆಯಿತು. ಗಂಡಿನ ಕಡೆಯವರು ಬಂದಾಗ ಅತ್ತೆ ಮೊದಲು ಮಗಳನ್ನು ಕರೆದು ಕೇಳಿದರು, ಆಮೇಲೆ ಗಂಡನ್ನು ಕೂರಿಸಿಕೊಂಡು ಕೇಳಿದರು. ಪಾಪ, ಆ ಹುಡುಗ ಬೆವರಿದ್ದನ್ನು ಈಗಲೂ ಹೇಳಿಕೊಂಡು ನಗುತ್ತಾನೆ.

ಅಕ್ಕೋರ ಯಜಮಾನರಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಹೊರಡುವ ದಿನ ನಾನು ಮಡಿಲು ತುಂಬಿದೆ. ಅವರು ಅಳಲಿಲ್ಲ, ದೀಪದ ಮುಂದೆ ನನ್ನ ಅರ್ಜಿ ಮರೀಬ್ಯಾಡ ಅಂದರು. ಅಲ್ಲಿ ಅವರ ಮುಲ್ಕಿ ಯಾವುದು ಅಂತ ಯಾರೂ ಕೇಳಲಿಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಆದರು ಅಂತ ಯುಗಾದಿಯ ಕಾಗದದಲ್ಲಿ ಬಂತು. ಪರ್ಮನೆಂಟ್ ಆಯಿತೋ ಇಲ್ಲವೋ ಅನ್ನುವುದನ್ನು ಮಾತ್ರ ಅವರೂ ಬರೆಯಲಿಲ್ಲ, ನಾವೂ ಕೇಳಲಿಲ್ಲ. ಆಗದಿದ್ದರೆ ಅವರ ಮನಸ್ಸಿಗೆ ನೋವಾದೀತು ಅಂತ.

ಇವತ್ತು ಸರೋಜ ಹೇಳಿದ್ದನ್ನೆಲ್ಲ ಅತ್ತೆ ಕಾಳು ಹಿಸುಕುತ್ತಲೇ ಕೇಳಿಸಿಕೊಂಡರು. ಕೊನೆಗೆ ಅವರು ಕೇಳಿದ್ದು ಒಂದೇ.

‘ಪರ್ಮೆಂಟ್ ಆಗಿತ್ತಂತಾ ಅವಳಿಗೆ?’

‘ಪರ್ಮನೆಂಟ್ ಆಗೇ ರಿಟೈರ್ ಆಗಿರೋದಮ್ಮ. ಬೀಳ್ಕೊಡುಗೆ ದಿನ ಇಡೀ ಸ್ಕೂಲು ಬೀದಿವರೆಗೂ ಬಂದು ಕಳಿಸಿಕೊಡ್ತಂತೆ’ ಅಂದಳು ಸರೋಜ. ‘ನಿಮ್ಮ ಅತ್ತಿಗೆಗೆ ಹೇಳು, ದೀಪದ ಮುಂದಿನ ಅರ್ಜಿ ಮಂಜೂರಾಗೈತಿ ಅಂತ ಅಂದ್ರು.’

ನನಗೆ ಕಣ್ಣು ತುಂಬಿತು. ಕೈಯೆಲ್ಲ ಅವರೆ ಸಿಪ್ಪೆ, ಒರೆಸಿಕೊಳ್ಳುವುದಕ್ಕೂ ಆಗಲಿಲ್ಲ. ಅತ್ತೆ ಮಂಜು ಕಣ್ಣಿನಲ್ಲೇ ಸರೋಜ ಕೂತ ಕಡೆಗೆ ತಿರುಗಿದರು.

‘ನಾಳೆ ನೀನೇ ಪೋನ್ ಮಾಡು ಅವಳಿಗೆ. ನಮ್ಮನೇಲಿ ಒಂದು ಜಾಗ ಖಾಲಿ ಐತೆ, ಅವರೆಕಾಯಿ ಮುಗಿಯೋಗಂಟ ಇದ್ದು ಓಗ್ಲಿ ಅನ್ನು. ಆಫೀಸರ್ ಕೇಳಿದ್ರು ಅಂತ ಏಳು.’

‘ಏನಂತ ಕೇಳಿದ್ರು ಅನ್ನಲಿ?’

ಅತ್ತೆ ಚಾಪೆಯ ಮೇಲೆ ಅಂಗೈ ಇಟ್ಟು ಒಂದೊಂದೇ ತಟ್ಟಿದರು. ವೆನ್, ಕ್ಯಾನ್, ಯು, ಜಾಯಿನ್.

ನಾನು ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿ, ಕೈ ತೊಳೆದು, ಎದ್ದು ಒಳಗೆ ಹೋದೆ. ಜೋಳದ ಹಿಟ್ಟಿನ ಡಬ್ಬಿ ಎಷ್ಟು ಖಾಲಿಯಾಗಿದೆ ನೋಡಬೇಕಿತ್ತು.